ಅಣವೀರಪ್ಪನ ಕೈಗುಣ

ಅಣವೀರಪ್ಪನನ್ನು ನಾನು ಮೊದಲ ಸಲ ನೋಡಿದಾಗ ಅವನು ನಮ್ಮ ವಾಚ್‌ಮನ್ನನ ಕುತ್ತಿಗೆ ಹಿಡಿದು ಎತ್ತಿ ಗೇಟಿಗೆ ಒತ್ತಿಕೊಂಡು ನಿಂತಿದ್ದ. ಕೆಲಸ ಕೇಳಲು ಬಂದವನನ್ನು ‘ಚಲ್ ಬುಡ್ಢೇ’, ನಡಿಯೋ ಮುದುಕ, ಎಂದದ್ದು ವಾಚ್‌ಮನ್ನನ ಅಪರಾಧ. ಬಿಡಿಸಲು ನಡುವೆ ಹೋದ ನನಗೂ ಒಂದು ಮೊಣಕೈ ಬಿತ್ತು, ತುಟಿ ಸೀಳಿತು. ನಾನು ಬಾಯಿಗೆ ಬಂದ ಹಾಗೆ ಕನ್ನಡದಲ್ಲಿ ಬೈದೆ. ಅವನು ತಟ್ಟನೆ ಕೈಬಿಟ್ಟು, ಹೆಗಲ ಮೇಲಿನ ಟವೆಲಿನಿಂದ ನನ್ನ ಬಾಯಿ ಒರೆಸಿದ.

“ಕನ್ನಡದೋರೇನ್ರಿ ನೀವು? ಮೊದ್ಲೇ ಹೇಳಬಾರ್ದೇನ್ರಿ, ಮೆಲ್ಲಕ ಹೊಡೀತಿದ್ದೆ.”

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಇವನು ಮಾತು ಬಲ್ಲವನಲ್ಲ ಎಂದು ನನಗೆ ಅಂದೇ ಗೊತ್ತಾಯಿತು. ಊಟವನ್ನೂ ಬಲ್ಲವನಲ್ಲ ಎಂದು ಗೊತ್ತಾಗುವ ಹೊತ್ತಿಗೆ ಅವನ ಮಗಳು ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದ್ದಳು.

ನಾನು ನಂಜುಂಡ, ಮೈಸೂರು ಕಡೆಯವನು. ಮುಂಬಯಿಯ ಮಲಾಡಿನಲ್ಲಿ ಮಾರ್ವೆ ರಸ್ತೆಯ ಆಚೆ ಒಂದು ಖಾಸಗಿ ಸಂಸ್ಥೆಯ ಬೆಳೆ ಪರೀಕ್ಷೆಯ ತೋಟವಿದೆ, ಅಲ್ಲಿ ಸ್ಟೋರ್ ಕೀಪರ್. ಗೊಬ್ಬರ, ಪೈಪು, ಸಿಲಿಂಡರು ಎಲ್ಲ ನನ್ನ ಸುಪರ್ದಿಯಲ್ಲಿ. ಮಾಲಿಯ ಕೆಲಸಕ್ಕೆ ಆಳು ಬೇಕಿತ್ತು. ವಾಚ್‌ಮನ್ನನನ್ನು ಒಂದೇ ಕೈಯಲ್ಲಿ ಎತ್ತಿದವನಿಗೆ ಗೊಬ್ಬರದ ಚೀಲ ಭಾರವಾಗಲಿಕ್ಕಿಲ್ಲ ಎಂದು ನಾನೇ ಶಿಫಾರಸು ಮಾಡಿದೆ.

ಅಣವೀರಪ್ಪ ಕಲಬುರಗಿ ಜಿಲ್ಲೆಯ ಜೇವರ್ಗಿ ಕಡೆಯವನು. ಮೀಸೆ ಮೂಡುವ ಮೊದಲೇ ಮುಂಬಯಿಗೆ ಬಂದು, ಹಳೆಯ ಬಿಲ್ಡಿಂಗ್ ಒಡೆಯುವ ಗ್ಯಾಂಗಿಗೆ ಸೇರಿದವನು. ಫೋರ್ಟಿನ ಹಳೇ ಆಫೀಸುಗಳ ಗೋಡೆ, ಸಾಂತಾಕ್ರೂಜಿನ ಹಂಚಿನ ಬಂಗಲೆಗಳು, ಏನೆಲ್ಲ ಅವನ ಸುತ್ತಿಗೆಗೆ ಉರುಳಿದವೋ. ಲೋಕಲ್‌ನಲ್ಲಿ ಜೊತೆಗೆ ಹೋಗುವಾಗ ಬಾಗಿಲಲ್ಲಿ ನಿಂತು ಬೆರಳು ತೋರಿಸುತ್ತಿದ್ದ. “ಅಲ್ಲೊಂದು ಮೂರು ಮಾಳಗಿದಿತ್ತು. ನಾನೇ ಒಡದೀನಿ.” ಬೇರೆಯವರು ತಾವು ಕಟ್ಟಿದ್ದನ್ನು ತೋರಿಸಿದರೆ ಇವನು ಇಲ್ಲದ್ದನ್ನು ತೋರಿಸುತ್ತಿದ್ದ. ಗೋಡೆ ಒಡೆದದ್ದಲ್ಲದೆ ಗ್ಯಾಂಗಿನವರ ಹಲ್ಲು, ಮೂಗುಗಳನ್ನೂ ಒಡೆದಿದ್ದ. ಪೊಲೀಸ್ ಠಾಣೆ ಅವನಿಗೆ ಬೀಗರ ಮನೆಯಷ್ಟು ಪರಿಚಯ.

ಹೆಂಡತಿ ಗಂಗುಬಾಯಿ ಕುರಾರ ಬಡಾವಣೆಯ ಚಾಳಿನ ಮನೆಬಾಗಿಲಲ್ಲಿ ಡಬ್ಬಿಯೊಳಗೆ ತುಳಸಿ ಹಾಕುತ್ತಿದ್ದಳಂತೆ. ಇವನು ನೀರು ಹಾಕಿದರೆ ಸಾಕು, ಒಣಗುತ್ತಿತ್ತು. “ನಿನ್ನ ಕೈಗುಣ ಏನಿದ್ರೂ ಒಡಿಯೋದ್ರಾಗ ಅದ. ನನ್ನ ಗಿಡ ಮುಟ್ಟಬ್ಯಾಡ” ಎನ್ನುತ್ತಿದ್ದಳು. ಆ ಹೆಂಗಸು ಎರಡನೇ ಹೆರಿಗೆಯಲ್ಲಿ ರಕ್ತ ಹೋಗಿ ಸತ್ತಳು, ಕೂಸೂ ಉಳಿಯಲಿಲ್ಲ. ಮೈಯಲ್ಲಿ ಮೊದಲೇ ರಕ್ತವಿರಲಿಲ್ಲ ಎಂದು ಡಾಕ್ಟರು ಹೇಳಿದ್ದಕ್ಕೆ ಅಣವೀರಪ್ಪ ಡಾಕ್ಟರ ಮೇಜನ್ನೇ ಎತ್ತಿ ಹಾಕಿ ಲಾಕಪ್ಪಿಗೆ ಹೋದ. ಹೆಂಡತಿಯ ಮಣ್ಣಿಗೆ ಅವನನ್ನು ಪೊಲೀಸರೇ ಕರೆತಂದರು. ಉಳಿದವಳು ದೊಡ್ಡ ಮಗಳು ಶಿವಕುಮಾರಿ ಒಬ್ಬಳೇ.

ಮುಂದೆ ಒಂದು ಸ್ಲ್ಯಾಬ್ ಬಿದ್ದು ಅವನ ಕಾಲು ಜಜ್ಜಿತು. ಕುಂಟುವವನನ್ನು ಒಡೆಯುವ ಕೆಲಸಕ್ಕೆ ಯಾರೂ ಕರೆಯಲಿಲ್ಲ. ಹೀಗೆ ಅವನು ನಮ್ಮ ಗೇಟಿಗೆ ಬಂದದ್ದು.

ನಮ್ಮ ತೋಟದಲ್ಲಿ ಪ್ಲಾಸ್ಟಿಕ್ ಹಾಳೆಯ ಗೋಡೆಯಿರುವ, ಮೇಲೆ ಬಾಯಿ ತೆರೆದ ಕೋಣೆಗಳಿವೆ. ಅರ್ಧಕ್ಕೆ ಸಿಲಿಂಡರಿನಿಂದ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ, ಇನ್ನರ್ಧಕ್ಕೆ ಹೊರಗಿನ ಗಾಳಿಯೇ. ಒಳಗೆ ಪಾಲಕ್, ಭತ್ತ, ಜೋಳ. ಯಾವುದು ಹೇಗೆ ಬೆಳೆಯುತ್ತದೆ, ಬೆಳೆದದ್ದರೊಳಗೆ ಏನಿದೆ ಎಂದು ನೋಡುವವರು ವಿಕ್ರಂ ಸರ್. ಸರ್ ಅಂದರೂ ನನ್ನ ಮಗನ ವಯಸ್ಸು. ಅಪ್ಪ ಅಮ್ಮ ಬೆಂಗಳೂರಿನವರು, ಹುಡುಗ ಹುಟ್ಟಿ ಬೆಳೆದದ್ದು ಇಲ್ಲೇ. ಅವನ ಕನ್ನಡ ಪ್ರತಿ ಸ್ಟೇಷನ್ನಿಗೂ ನಿಲ್ಲುವ ಸ್ಲೋ ಲೋಕಲ್.

ಗ್ಯಾಸಿನ ಕೋಣೆಯ ಪಾಲಕ್ ಕೆಲವೇ ವಾರಗಳಲ್ಲಿ ಸೊಕ್ಕಿ ನಿಂತಿತು. ಒಂದೊಂದು ಎಲೆಯೂ ಅಣವೀರಪ್ಪನ ಅಂಗೈಗಿಂತ ಅಗಲ, ಮತ್ತೆ ಆ ಅಂಗೈ ಸಣ್ಣದೇನಲ್ಲ. ಅವನು ಒಂದು ಎಲೆ ಕಿತ್ತು ನನ್ನ ಸ್ಟೋರಿಗೆ ಓಡಿ ಬಂದ. ಅವನ ಕಣ್ಣಲ್ಲಿ ನೀರಿತ್ತು.

“ನೋಡ್ರಿ ನಂಜುಂಡಣ್ಣೋರ. ಗಂಗೂ ಇರಬೇಕಿತ್ತು. ನನ್ನ ಕೈಗುಣ ನೋಡ್ರಿ.”

“ಆ ಕಡೆ ಕೋಣೆಗೂ ನೀನೇ ನೀರು ಹಾಕಿದ್ದಲ್ವೇನಪ್ಪ? ಅಲ್ಲಿ ಯಾಕೆ ಇಷ್ಟು ಬಂದಿಲ್ಲ?” ಎಂದೆ.

ಅವನು ತನ್ನ ಎರಡೂ ಕೈ ನೋಡಿಕೊಂಡ. “ಅಲ್ಲಿ ಎಡಗೈಲೆ ಹಾಕಿರ್ಬೇಕು.”

ಜೋಳ ಮಾತ್ರ ಎರಡೂ ಕಡೆ ಹೆಚ್ಚೂಕಡಿಮೆ ಒಂದೇ ಎತ್ತರ. ಜೋಳದ ಜಾತಿಯೇ ಬೇರೆ, ಅದು ಈ ಗ್ಯಾಸಿಗೆ ಸುಲಭವಾಗಿ ಮರುಳಾಗುವುದಿಲ್ಲ ಎಂದು ವಿಕ್ರಂ ನನಗೆ ಹೇಳಿದ್ದ. ಅಣವೀರಪ್ಪನಿಗೆ ಅದು ಅವಮಾನ. “ನಮ್ಮೂರಿನ ಬೆಳಿ ಆಗಿ ನನಗ ಮರ್ಯಾದಿ ಕೊಡಂಗಿಲ್ಲ ನೀನು” ಎಂದು ಬೈದು ಒಂದು ದಂಟನ್ನು ಕಾಲಿನಿಂದ ಒದ್ದು ಮುರಿದ.

ವಿಕ್ರಂ ಪಾಪ, ಅವನನ್ನು ಕೂರಿಸಿಕೊಂಡು ತಿಳಿಹೇಳಲು ನೋಡಿದ. “ಅಂಕಲ್, ಮತ್ಲಬ್… ಗ್ಯಾಸ್ ಜಾಸ್ತಿ ಸಿಕ್ಕರೆ ಎಲೆ ಬೇಗ ದೊಡ್ಡದು ಆಗುತ್ತೆ. ಬಟ್ ಒಳಗೆ ಶುಗರ್, ಸ್ಟಾರ್ಚ್ ಅದೇ ಜಾಸ್ತಿ. ಐರನ್, ಝಿಂಕ್, ಪ್ರೋಟೀನ್ ಕಮ್ಮಿ ಆಗಬಹುದು. ಅಕ್ಕಿ, ಗೋಧಿಯಲ್ಲೂ ಹಾಗೇ.”

ನಾನು ನಮ್ಮ ಭಾಷೆಗೆ ಇಳಿಸಿ ಹೇಳಿದೆ. “ನೆಂಟರು ಬಂದರು ಅಂತ ಸಾರಿಗೆ ನೀರು ಸುರಿದ ಹಾಗೆ ಕಣಪ್ಪ. ಪಾತ್ರೆ ತುಂಬ ಕಾಣುತ್ತೆ, ಬೇಳೆ ಇದ್ದಷ್ಟೇ.”

“ಹಾಂಗಾದ್ರ ನನ್ನ ಕೈಯಿಂದ ಏನೂ ಆಗಿಲ್ಲೇನು?”

“ನಿಮ್ಮ ಕೈ ಅಲ್ಲ ಅಂಕಲ್, ಗ್ಯಾಸ್” ಎಂದು ಹುಡುಗ ನಕ್ಕ.

ಏಟು ಬಿದ್ದದ್ದು ನನಗೆ ಕಾಣಿಸಲೇ ಇಲ್ಲ, ಕೇಳಿಸಿತು. ವಿಕ್ರಮನ ಕನ್ನಡಕ ಭತ್ತದ ಮಡಿಯಲ್ಲಿ ಬಿತ್ತು. ಕೆನ್ನೆಯ ಮೇಲೆ ಮೂಡಿದ ಬೆರಳುಗಳು ಸಂಜೆಯವರೆಗೂ ಹೋಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಣವೀರಪ್ಪ ಅಂದೇ ಬೀದಿಗೆ. ಆದರೆ ಈ ಹುಡುಗ ಯಾರಿಗೂ ದೂರು ಕೊಡಲಿಲ್ಲ. “ನಮ್ಮ ತಾತನೂ ಹೀಗೇ ಹೊಡೀತಿದ್ರು” ಎಂದು ಕನ್ನಡಕ ಒರೆಸಿಕೊಂಡ. ಇಂಥವರನ್ನು ಕಂಡರೆ ನನಗೆ ಗೌರವಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ.

ಪರೀಕ್ಷೆಗೆ ಬೇಕಾದಷ್ಟು ಸೊಪ್ಪು ಲ್ಯಾಬಿಗೆ ಹೋಗಿ ಉಳಿದದ್ದು ಗೊಬ್ಬರದ ಗುಂಡಿಗೆ ಬೀಳುತ್ತಿತ್ತು. ಅದನ್ನು ಮನೆಗೆ ಒಯ್ಯಬಹುದೇ ಎಂದು ಅಣವೀರಪ್ಪ ಮಾರನೆಯ ದಿನ ಕೇಳಿದ. ಒಯ್ಯಿರಿ, ವಿಷವೇನೂ ಇಲ್ಲ, ಎಲ್ಲ ಸೊಪ್ಪಿನ ಹಾಗೇ ಅದೂ ಒಂದು ಸೊಪ್ಪು ಎಂದ ವಿಕ್ರಂ. ಅಂದಿನಿಂದ ದಿನಾ ಒಂದು ಚೀಲ ಕುರಾರಕ್ಕೆ ಹೋಗತೊಡಗಿತು.

ಅಷ್ಟು ಅವಸರಕ್ಕೆ ಕಾರಣವಿತ್ತು. ಶಿವಕುಮಾರಿ ಕುಬಸ, ಅಂದರೆ ಸೀಮಂತ, ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಗಂಡ ಶರಣು ಸಾಂತಾಕ್ರೂಜಿನ ಹೋಟೆಲೊಂದರಲ್ಲಿ ಅಡುಗೆಯವನು. ತವರು ಎಂದರೆ ತಾಯಿ, ಆದರೆ ಅಲ್ಲಿದ್ದದ್ದು ಈ ಭೀಮ ಒಬ್ಬನೇ. ಹೆಂಡತಿ ರಕ್ತವಿಲ್ಲದೆ ಸತ್ತದ್ದು ಅವನ ಎದೆಯಲ್ಲಿ ಮೊಳೆಯಾಗಿ ಕೂತಿತ್ತು. ಮಗಳನ್ನು ಹಾಗೆ ಕಳೆದುಕೊಳ್ಳಬಾರದು ಎಂಬ ಒಂದೇ ಹಟ.

ಒಂದು ಭಾನುವಾರ ನಾನು ಅವರ ಮನೆಗೆ ಹೋದೆ. ಶಿವಕುಮಾರಿ ಗೋಡೆಗೆ ಒರಗಿ ಕೂತಿದ್ದಳು. ಎದುರಿಗೆ ಪರಾತದ ತುಂಬ ಅನ್ನ, ಪಾಲಕ್ ಪಲ್ಯ, ಪಾಲಕ್ ಬೇಳೆ. ಸಾಕಪ್ಪಾ ಎಂದವಳ ದವಡೆಯನ್ನು ಅವನು ಎರಡು ಬೆರಳಿನಿಂದ ಅದುಮಿ ಬಾಯಿ ತೆರೆಸಿ ತುತ್ತು ತುರುಕುತ್ತಿದ್ದ. ಅವಳು ಓಕರಿಸಿದರೆ ತೊಡೆಗೆ ಒಂದು ಏಟು. ಏಟು ಕೊಟ್ಟ ಕೈಯಿಂದಲೇ ಬೆನ್ನು ಸವರುತ್ತಿದ್ದ. ಅವಳ ಅಂಗೈ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.

“ಕ್ಲಿನಿಕ್ಕಿನಲ್ಲಿ ರಕ್ತಕ್ಕೆ ಅಂತ ಕೆಂಪು ಮಾತ್ರೆ ಕೊಟ್ಟಿರಬೇಕಲ್ಲ, ತಗೊತೀಯೇನಮ್ಮ?” ಎಂದು ಕೇಳಿದೆ.

ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಹೇಳಿದ. “ಗಟಾರಕ್ಕ ಒಗದೀನಿ. ಇಕಿ ಅವ್ವನೂ ಅದೇ ಗುಳಿಗಿ ನುಂಗಿದ್ಲು. ಉಳದ್ಲೇನು? ನನ್ನ ಕೈಯಾಗ ಬೆಳದ ಪಲ್ಯಾ ಇರಬೇಕಾದ್ರ, ಗುಳಿಗಿ ಯಾಕ?”

ಬೆಳ್ಳಗಿರುವುದೆಲ್ಲ ಹಾಲಲ್ಲ, ಹಸಿರಾಗಿರುವುದೆಲ್ಲ ರಕ್ತವಾಗುವುದಿಲ್ಲ ಎಂದೆ. ಎಷ್ಟು ಒಳ್ಳೆಯ ಪಾಲಕ್ ಆದರೂ ಬಸುರಿಗೆ ಅದೊಂದೇ ಸಾಲದು, ಇದಂತೂ ನೀರು ಬೆರೆತ ಸಾರು, ನಾಳೆಯೇ ಮಾತ್ರೆ ತಾ ಎಂದೆ. ಅವನು ನನ್ನ ರಟ್ಟೆ ಹಿಡಿದು ಹೊಸ್ತಿಲ ಆಚೆ ನಿಲ್ಲಿಸಿ ಬಾಗಿಲು ಹಾಕಿಕೊಂಡ. ಚಪ್ಪಲಿ ಒಳಗೇ ಉಳಿದಿತ್ತು. ಸ್ವಲ್ಪ ಹೊತ್ತಿನ ಮೇಲೆ ಅದೂ ಕಿಟಕಿಯಿಂದ ಬಂತು.

ಮುಂದಿನ ಸಲ ಕ್ಲಿನಿಕ್ಕಿಗೆ ಶರಣು ಅವಳನ್ನು ಕರೆದುಕೊಂಡು ಹೋದ. ನರ್ಸ್ ರಕ್ತದ ರಿಪೋರ್ಟ್ ನೋಡಿ ಅವನಿಗೆ ಛೀಮಾರಿ ಹಾಕಿದಳು. ಹಿಮೋಗ್ಲೋಬಿನ್ ಹಿಂದಿನ ತಿಂಗಳಿಗಿಂತ ಎಷ್ಟೋ ಕೆಳಗೆ ಇಳಿದಿತ್ತು. ಹೀಗೇ ಹೆರಿಗೆಯಾದರೆ ಹೆಣ ಒಯ್ಯುತ್ತೀರಿ ಎಂದಳಂತೆ. ಶರಣು ಮೃದು ಮನುಷ್ಯ, ಹೆಂಡತಿಯೆಂದರೆ ಪ್ರಾಣ. ಹೆದರಿದ ಮೃದು ಮನುಷ್ಯನಷ್ಟು ಅಪಾಯದ ಪ್ರಾಣಿ ಇನ್ನೊಂದಿಲ್ಲ.

ಚಾಳಿನ ನಲ್ಲಿಯ ಹತ್ತಿರ ನಿಂತು ಅವನು ಕೇಳಿದ. “ಏನ್ ತಿಂತಿದ್ದಿ ನೀನು ಇಷ್ಟ ದಿನ?”

“ಅಪ್ಪ ಬೆಳಸಿದ ಪಲ್ಯಾ. ಕಂಪನ್ಯಾಗ ಕಾರ್ಬನ್ ಗ್ಯಾಸ್ ಬಿಟ್ಟು ಬೆಳಸ್ತಾರ” ಎಂದಳು ಶಿವಕುಮಾರಿ.

ಪಕ್ಕದಲ್ಲಿ ಕೊಡ ತುಂಬುತ್ತಿದ್ದ ಚಂದ್ರವ್ವ ಕಿವಿ ನಿಮಿರಿಸಿದಳು. ಅವಳಿಗೂ ಅಣವೀರಪ್ಪ ಸೊಪ್ಪು ಕೊಟ್ಟಿದ್ದ. ಕೈಗುಣ ಎಂದರೆ ಊರಿಗೆಲ್ಲ ತೋರಿಸಬೇಕಲ್ಲ, ಚಾಳಿನ ಅರ್ಧ ಮನೆಗಳಿಗೆ ಹಂಚಿದ್ದ. ಚಂದ್ರವ್ವನ ಮೊಮ್ಮಗಳು ಹಿಂದಿನ ದಿನ ಎರಡು ಸಲ ವಾಂತಿ ಮಾಡಿಕೊಂಡಿದ್ದಳು.

“ಏನಂದಿ? ಕಾರ್ಬೈಡ್ ಗ್ಯಾಸೇನು?”

ಮುಂಬಯಿಯಲ್ಲಿ ಕಾರ್ಬೈಡ್ ಗೊತ್ತಿಲ್ಲದ ಹೆಂಗಸಿಲ್ಲ. ಮಾವು, ಬಾಳೆ ಕಾಯಿಗಳನ್ನು ಕಳ್ಳತನದಲ್ಲಿ ಹಣ್ಣು ಮಾಡುವ ವಿಷ ಅದು. ಬೇಸಿಗೆ ಬಂದರೆ ಹಣ್ಣಿನವನ ಜೊತೆ ಇವರೆಲ್ಲ ಜಗಳ ತೆಗೆಯುವುದೇ ಆ ಹೆಸರಿನಲ್ಲಿ. ಕಾರ್ಬನ್ ಎಂಬುದನ್ನು ಯಾರು ಕೇಳಿದ್ದಾರೆ? ನಲ್ಲಿಯಿಂದ ಹೊರಟ ಗಾಳಿಸುದ್ದಿ ಕೊಡಗಳ ಜೊತೆ ಮನೆಮನೆಗೆ ಹೋಯಿತು. ಅಣವೀರಪ್ಪ ಕಾರ್ಬೈಡ್ ಪಾಲಕ್ ತಿನ್ನಿಸಿ ಮಗಳ ರಕ್ತ ಸುಟ್ಟಿದ್ದಾನೆ, ಈಗ ನಮ್ಮ ಮಕ್ಕಳ ಸರದಿ.

ನನಗೆ ಶಿವಕುಮಾರಿಯ ಫೋನ್ ಬಂತು. “ಕಾಕಾ, ಜಲ್ದಿ ಬರ್ರಿ. ಅಪ್ಪನ್ನ ಹೊಡಿಲತ್ತಾರ.”

ನಾನು ರಿಕ್ಷಾ ಇಳಿದಾಗ ನಲ್ಲಿಯ ಕಟ್ಟೆಯ ಸುತ್ತ ಇಡೀ ಚಾಳು ನೆರೆದಿತ್ತು. ನಡುವೆ ಅಣವೀರಪ್ಪ. ಅಂಗಿ ಹರಿದು ಸೊಂಟಕ್ಕೆ ಜೋತಿತ್ತು, ಹುಬ್ಬು ಸೀಳಿ ಒಂದು ಕಣ್ಣು ರಕ್ತದಲ್ಲಿ ಮುಚ್ಚಿತ್ತು. ಅವನೇನೂ ಸುಮ್ಮನಿರಲಿಲ್ಲ. ಒಬ್ಬ ಮೂಗು ಹಿಡಿದುಕೊಂಡು ಗಟಾರದ ಪಕ್ಕ ಕೂತಿದ್ದ, ಇನ್ನೊಬ್ಬನ ಬಾಯಿಂದ ಹಲ್ಲು ಹೋಗಿತ್ತು. ಆದರೆ ಕುಂಟುಕಾಲಿಗೆ ಯಾರೋ ಕಬ್ಬಿಣದ ಪೈಪಿನಿಂದ ಹೊಡೆದರು, ಅವನು ಮಂಡಿಯೂರಿದ. ಆಮೇಲೆ ಬಿದ್ದವು ನೋಡಿ ಏಟುಗಳು. ಚಪ್ಪಲಿ, ಕೊಡ, ಲಟ್ಟಣಿಗೆ, ಕಾಲು. ಹಿಂದಿನ ವಾರ ಆ ಸೊಪ್ಪನ್ನು ಹೊಗಳಿ ಉಂಡವರು ಎಲ್ಲರೂ.

ನಾನು ಒಳಗೆ ನುಗ್ಗಿ ಕೂಗಿದೆ. “ಕಾರ್ಬೈಡ್ ಅಲ್ಲರೀ, ಕಾರ್ಬನ್. ನಾವು ಉಸಿರು ಬಿಡ್ತೀವಲ್ಲ, ಅದೇ ಗಾಳಿ. ವಿಷ ಅಲ್ಲ.”

“ಎಲ್ಲಾ ಒಂದೇ” ಎಂದು ಯಾರೋ ನನ್ನ ಪಕ್ಕೆಗೆ ಗುದ್ದಿದರು. ಉಸಿರು ನಿಂತು ನಾನು ಕಟ್ಟೆ ಹಿಡಿದುಕೊಂಡೆ.

ಶರಣು ಮಾವನ ಕೂದಲು ಹಿಡಿದು ಮುಖ ಮೇಲೆತ್ತಿದ. ಅಳುತ್ತಲೇ ಕೇಳಿದ. “ಹೇಳು ಮಾವ, ಆ ಗ್ಯಾಸ್ ಯಾಕ ತಿನಸ್ದಿ ಆಕಿಗಿ?”

ಒಂದು ಮಾತು ಸಾಕಿತ್ತು. ಗ್ಯಾಸಿನಿಂದ ಏನೂ ಆಗುವುದಿಲ್ಲ, ಸರ್ ತಿನ್ನಬಹುದು ಅಂದಿದ್ದಾರೆ ಎಂದಿದ್ದರೆ ಜನ ಒಂದು ಗಳಿಗೆಯಾದರೂ ತಡೆಯುತ್ತಿದ್ದರು. ಈ ಮಹಾರಾಯ ರಕ್ತ ಉಗುಳಿ ಬಲಗೈ ಮೇಲೆತ್ತಿದ.

“ಗ್ಯಾಸ್ ಅಲ್ಲಲೇ. ಈ ಕೈ. ಈ ಕೈಲೆ ಬೆಳಸೀನಿ.”

ಶರಣು ಆ ಕೈಯನ್ನು ಎಳೆದು ಕಟ್ಟೆಯ ಮೇಲಿಟ್ಟ. ಪೈಪು ಯಾರ ಕೈಯಲ್ಲಿತ್ತೋ, ಅವನ ಕೈಗೆ ಯಾವಾಗ ಬಂತೋ ನಾನು ಕಾಣೆ. ಎರಡು ಏಟು. ಎರಡನೆಯದಕ್ಕೆ ಮೂಳೆಯ ಸದ್ದು ಎಲ್ಲರಿಗೂ ಕೇಳಿಸಿ ಎತ್ತಿದ ಕೈಗಳು ಕೆಳಗಿಳಿದವು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಶಿವಕುಮಾರಿ ಹೊಟ್ಟೆ ಹಿಡಿದುಕೊಂಡು ಅಲ್ಲೇ ಕುಸಿದಳು. ಅವಳ ಸೀರೆಯ ಕೆಳಗೆ ನೆಲ ಒದ್ದೆಯಾಗಿತ್ತು, ನೀರಿನ ಜೊತೆ ಕೆಂಪೂ ಇತ್ತು.

ಒಂದೇ ರಿಕ್ಷಾದಲ್ಲಿ ಹೊಡೆಸಿಕೊಂಡವನು, ಹೊಡೆದವನು, ಅವರಿಬ್ಬರ ತೊಡೆಯ ಮೇಲೆ ಅವಳು. ನಾನು ಹಿಂದಿನ ರಿಕ್ಷಾದಲ್ಲಿ. ಆಸ್ಪತ್ರೆಯಲ್ಲಿ ಅವಳನ್ನು ನೇರ ಆಪರೇಷನ್ನಿಗೆ ಒಯ್ದರು. ಡಾಕ್ಟರಮ್ಮ ಹೊರಗೆ ಬಂದು ನಡೆದದ್ದನ್ನೆಲ್ಲ ಕೇಳಿಸಿಕೊಂಡು ತಲೆ ಚಚ್ಚಿಕೊಂಡಳು. ಪಾಲಕಿನಿಂದ ಯಾರೂ ಸಾಯುವುದಿಲ್ಲ, ಕೆಟ್ಟದ್ದು ಮಾತ್ರೆ ಬಿಟ್ಟದ್ದರಿಂದ, ಈಗ ರಕ್ತ ಏರಿಸುತ್ತೇವೆ, ಬದಲಿಗೆ ಮನೆಯವರು ರಕ್ತ ಕೊಡಿ ಎಂದಳು.

ಅಣವೀರಪ್ಪ ಎಲ್ಲರಿಗಿಂತ ಮುಂದೆ ಕುಂಟಿದ. ಬಲಗೈ ಮೊಣಕೈಯಿಂದ ಜೋತಾಡುತ್ತಿತ್ತು. ಇಂಥ ಸ್ಥಿತಿಯಲ್ಲಿ ತೆಗೆಯಲಾಗದು ಎಂದ ಬ್ಲಡ್ ಬ್ಯಾಂಕಿನ ಹುಡುಗನ ಕಾಲರನ್ನು ಅವನು ಎಡಗೈಯಿಂದ ಹಿಡಿದ. “ಗ್ವಾಡಿ ಒಡದ ಮೈ ಇದು. ಇದ್ರಾಗ ಇರೋದೆಲ್ಲಾ ತಗೋ.” ಪೀಡೆ ತೊಲಗಲಿ ಎಂದು ಹುಡುಗ ಅವನ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿಯನ್ನು ಗಾಜಿನ ಲೋಟದ ನೀಲಿ ನೀರಿಗೆ ಬಿಟ್ಟ. ರಕ್ತದಲ್ಲಿ ಕಸುವಿದ್ದರೆ ಹನಿ ತಳಕ್ಕೆ ಹೋಗಬೇಕಂತೆ.

ಹನಿ ಮುಳುಗಲಿಲ್ಲ. ಮೇಲೆ ಒಂದು ಸುತ್ತು ತಿರುಗಿ ಅಲ್ಲೇ ತೇಲಿತು.

ಮಗಳಿಗೆ ಬೇಳೆ, ರೊಟ್ಟಿ ಎಲ್ಲ ಬಡಿಸಿ ತಾನು ಇಷ್ಟು ತಿಂಗಳು ಅನ್ನಕ್ಕೆ ಆ ಸೊಪ್ಪನ್ನೇ ಕಲಸಿ ಉಂಡಿದ್ದ ಎಂದು ಆಮೇಲೆ ಗೊತ್ತಾಯಿತು. “ಇನ್ನೊಮ್ಮಿ ಬಿಡು” ಎಂದ. ಎರಡನೆಯದೂ ತೇಲಿತು. ಅವನು ಹುಡುಗನಿಗೆ ಹೊಡೆಯಲಿಲ್ಲ. ಆ ಲೋಟವನ್ನೇ ನೋಡುತ್ತ ಗೋಡೆಗೆ ಒರಗಿ ನೆಲಕ್ಕೆ ಜಾರಿದ. ಆಮೇಲೆ ಶರಣು ಕೈ ಚಾಚಿದ. ಅವನ ಹನಿ ಕಲ್ಲು ಹಾಕಿದ ಹಾಗೆ ತಳ ಸೇರಿತು. ಅವನು ಮಲಗಿ ರಕ್ತ ಕೊಡುವಾಗ ಅಣವೀರಪ್ಪ ಹತ್ತಿರ ಹೋದ. ಮತ್ತೆ ಹೊಡೆದಾಟ ಎಂದು ನಾನು ಎದ್ದೆ. ಅವನು ಅಳಿಯನ ಹಣೆಯ ಬೆವರನ್ನು ಹರಿದ ಅಂಗಿಯಿಂದ ಒರೆಸಿದ.

ಶಿವಕುಮಾರಿ ಉಳಿದಳು. ಹೆಣ್ಣು ಕೂಸು, ಅಂಗೈಯಗಲ, ಆದರೆ ಉಳಿಯಿತು. ಶರಣು ನೆಟ್ಟಗೆ ಠಾಣೆಗೆ ಹೋಗಿ ತಾನೇ ಹೊಡೆದದ್ದು ಎಂದ. ಅಣವೀರಪ್ಪ ತಾನು ನಲ್ಲಿಯ ಹತ್ತಿರ ಜಾರಿ ಬಿದ್ದೆ ಎಂದ. ಹವಾಲ್ದಾರ ಇಬ್ಬರನ್ನೂ ಬೈದು ಕಳಿಸಿದ.

ಬಾಣಂತಿ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಒಂದು ಬೆಳಿಗ್ಗೆ ಅಣವೀರಪ್ಪ ತೋಟಕ್ಕೆ ಬಂದ. ಬಲಗೈ ಪ್ಲಾಸ್ಟರಿನಲ್ಲಿ, ಎಡಗೈಯಲ್ಲಿ ಅವನ ಹಳೆಯ ಸುತ್ತಿಗೆ. ಯಾರನ್ನೂ ಮಾತಾಡಿಸದೆ ಪಾಲಕಿನ ಕೋಣೆಗೆ ಹೋಗಿ ಬೀಸತೊಡಗಿದ. ಕಬ್ಬಿಣದ ಚೌಕಟ್ಟು ಬಾಗಿತು, ಹಾಳೆ ಪರ್ರೆಂದು ಹರಿಯಿತು, ಪೈಪು ಕಿತ್ತು ಗ್ಯಾಸು ಬುಸುಗುಟ್ಟಿತು. ವಾಚ್‌ಮನ್ ದೂರದಲ್ಲೇ ನಿಂತ. ನಾನು ಓಡಿ ಸಿಲಿಂಡರಿನ ಕೀಲಿ ತಿರುಗಿಸಿದೆ. ಪಾಲಕ್ ಸೊಪ್ಪನ್ನು ಅವನು ಕಾಲಿನಿಂದ ತುಳಿದು ತುಳಿದು ಹಸಿರು ಕೆಸರು ಮಾಡಿದ.

ವಿಕ್ರಂ ಬಂದವನು ಅವನಿಂದ ನಾಲ್ಕು ಮಾರು ಆಚೆ ನಿಂತ. ಏದುಸಿರು ಬಿಡುತ್ತ ಅಣವೀರಪ್ಪ ಹೇಳಿದ. “ಒಡದೀನಿ. ಇನ್ನ ಈ ಗ್ಯಾಸು ಎಲ್ಲೂ ಬಿಡಬ್ಯಾಡ್ರಿ.”

“ಅಂಕಲ್, ಇದು ಹೊರಗೂ ಇದೆ” ಎಂದ ವಿಕ್ರಂ. “ಗಾಡಿ, ಫ್ಯಾಕ್ಟರಿ, ಕರೆಂಟಿಗೆ ಸುಡೋ ಕಲ್ಲಿದ್ದಲು… ಎಲ್ಲಾ ಕಡೆಯಿಂದ ಬರ್ತಾ ಇದೆ. ವರ್ಷಾ ವರ್ಷಾ ಥೋಡಾ ಜಾಸ್ತಿ. ನಿಮ್ಮ ಮೊಮ್ಮಗಳು ದೊಡ್ಡವಳಾಗಿ, ಅವಳಿಗೆ ಮಗು ಆಗೋ ಟೈಮಿಗೆ ಹೊರಗಡೆ ಹವಾ ಈ ರೂಮಲ್ಲಿ ಇದ್ದ ಹಾಗೇ ಇರಬಹುದು. ಆಗ ಏನು ಆಗುತ್ತೆ ಅಂತ ನಾವು ಈಗಲೇ ನೋಡ್ತಾ ಇದ್ದೀವಿ. ಅಷ್ಟೇ.”

ಅಣವೀರಪ್ಪ ಹರಿದ ಹಾಳೆಯನ್ನು ನೋಡಿದ. ಅದರ ಆಚೆ ಮಾರ್ವೆ ರಸ್ತೆಯಲ್ಲಿ ಬಸ್ಸು, ಲಾರಿ, ರಿಕ್ಷಾಗಳು ಸಾಲುಗಟ್ಟಿ ಹಾರನ್ ಹೊಡೆಯುತ್ತಿದ್ದವು. ಅವನು ಸುತ್ತಿಗೆಯ ಹಿಡಿಯನ್ನು ಇನ್ನೂ ಬಿಟ್ಟಿರಲಿಲ್ಲ.

“ಹಾಂಗಾದ್ರ ಯಾವ ಗ್ವಾಡಿ ಒಡೀಬೇಕ್ರಿ? ತೋರಸ್ರಿ. ಎಡಗೈಲೇ ಒಡೀತೀನಿ.”

ವಿಕ್ರಂ ನನ್ನ ಮುಖ ನೋಡಿದ. ನಾನು ಸಿಲಿಂಡರಿನ ಕೀಲಿಯನ್ನು ಇನ್ನೊಮ್ಮೆ ಬಿಗಿದೆ. ಅಣವೀರಪ್ಪ ಸುತ್ತಿಗೆಯನ್ನು ನನ್ನ ಸ್ಟೋರಿನ ಬಾಗಿಲಿಗೆ ಒರಗಿಸಿ ಗೇಟಿನ ಕಡೆ ಕುಂಟಿದ.

“ಎಲ್ಲಿಗೆ ಹೊರಟೆ?” ಎಂದೆ.

“ಶಿವಿ ಗುಳಿಗಿ ನುಂಗೋ ಹೊತ್ತಾತ್ರಿ. ನಾ ಎದುರ ನಿಂತ್ರೇ ನುಂಗ್ತಾಳ.”